ಬಾನೆಟ್ ಎತ್ತಬೇಡ ಅಂದಿದ್ದೆ

ಮಾರ್ಚ್ 4, ಸಂಜೆ

ಗ್ಯಾರೇಜಿನಲ್ಲಿ ಇವತ್ತು ಎರಡು ಸರ್ವಿಸ್, ಒಂದು ಕ್ಲಚ್. ಸೊಂಟ ಹಿಡ್ಕೊಂಡಿದೆ.

ಮಧ್ಯಾಹ್ನ ಅಕ್ಕ ವ್ಯಾನ್ ತಂದಳು. ಡಯಾಲಿಸಿಸ್ ಪೇಷೆಂಟುಗಳನ್ನ ಆಸ್ಪತ್ರೆಗೆ ಬಿಟ್ಟು ನೇರ ಇಲ್ಲಿಗೇ. "ಶಬ್ದ ಬದಲಾಗಿದೆ ಕಣೋ. ಕೆಳಗಡೆಯಿಂದ ಯಾರೋ ಬಾಗಿಲು ತಟ್ಟಿದ ಹಾಗೆ." ಭಾವ ಹೋದ ಮೇಲೆ ಒಂಬತ್ತು ವರ್ಷದಿಂದ ಅವಳೇ ಓಡಿಸ್ತಾಳೆ. ನಾಲ್ಕು ಲಕ್ಷದ ಎರಡು ಸಾವಿರ ಕಿಲೋಮೀಟರ್. ಶಬ್ದ ಬರದೆ ಇನ್ನೇನು ಬರುತ್ತೆ.

ಹೋದ ವಾರದ ಆಯಿಲ್ ಕಂಪನಿ ಮೀಟಿಂಗು ತಲೇಲಿತ್ತು. ಬೇಗ ಬದಲಾಯಿಸಬೇಕಿಲ್ಲ ಅಂದಿದ್ದ ಫುಲ್ ಸಿಂಥೆಟಿಕ್ ಆಯಿಲ್ ಹಾಕಿದೆ. ಜೊತೆಗೆ ಬಿಡಿಭಾಗದ ಅಂಗಡಿಯವನು ಕೊಟ್ಟ ಬಾಟಲಿ — ಇಂಜಿನ್ ಆಯುಸ್ಸು ಹೆಚ್ಚಿಸುತ್ತೆ ಅಂತ ಅದರ ಮೇಲೆ ಬರೆದಿದೆ. ಜೇನಿನ ಥರ ಮಂದ. ಹತ್ತು ನಿಮಿಷ ಓಡಿಸಿದೆ. ತಟ್ಟೋ ಶಬ್ದ ಮಾಯ!

"ಮದುವಣಗಿತ್ತಿ ಆಗಿದ್ದಾಳೆ ನಿನ್ನ ಗಾಡಿ" ಅಂದೆ. ನಕ್ಕಳು. ನಗ್ತಾನೇ ಮಟ್ಟ ನೋಡೋ ಆಯಿಲ್ ಕಡ್ಡಿ ಎಳೆದು ಒರೆಸೋಕೆ ಹೋದಳು. ದಿನಾ ಬೆಳಿಗ್ಗೆ ನೋಡು ಅಂತ ಭಾವ ಕಲಿಸಿದ್ದು.

"ಅದೆಲ್ಲ ಭಾವನ ಕಾಲಕ್ಕಾಯ್ತು ಅಕ್ಕ. ಇನ್ನು ಹದಿನೈದು ಸಾವಿರ ಕಿಲೋಮೀಟರಿನವರೆಗೆ ಬಾನೆಟ್ ಎತ್ತಲೇಬೇಡ."

ಕಡ್ಡಿ ವಾಪಸ್ ಇಟ್ಟಳು.

ಮಾರ್ಚ್ 9

ಇನ್ನೂ ಮೂರು ಗಾಡಿಗೆ ಬಾಟಲಿ ಹಾಕಿದೆ. ಎಲ್ಲರಿಗೂ ಖುಷಿ. ನನಗೂ.

ಏಪ್ರಿಲ್ 19

ಕಾರಿನ ಅಡಿಯಲ್ಲಿ ಮಲಗಿದ್ದಾಗ ಅಕ್ಕನ ಫೋನು. ಹಿಂದೆ ನೀಲಿ ಹೊಗೆ ಬರ್ತಿದೆ ಅಂತ ಮೇಷ್ಟ್ರು ಹೇಳಿದರಂತೆ. ಮೇಷ್ಟ್ರು ಅಂದ್ರೆ ಅವಳ ಪೇಷೆಂಟು, ರಿಟೈರ್ಡ್, ಎಲ್ಲದರಲ್ಲೂ ತಪ್ಪು ಹುಡುಕೋರು.

"ಕಡ್ಡಿ ಎಳೆದು ನೋಡ್ಲೇನೋ?"

ಕಣ್ಣಿಗೆ ಮಣ್ಣು ಉದುರ್ತಿತ್ತು. "ನನ್ನ ಮೇಲೆ ನಂಬಿಕೆ ಇಲ್ವಾ? ಮೇಷ್ಟ್ರು ಮೆಕ್ಯಾನಿಕ್ಕಾ, ನಾನು ಮೆಕ್ಯಾನಿಕ್ಕಾ?"

"ಆಯ್ತಪ್ಪ" ಅಂದು ಇಟ್ಟಳು.

ನೀಲಿ ಹೊಗೆ ಅಂದ್ರೆ ಆಯಿಲ್ ಸುಡ್ತಿದೆ ಅಂತ. ಇಪ್ಪತ್ತೆಂಟು ವರ್ಷದ ಕೆಲಸ ನಂದು. ಗೊತ್ತಿರಲಿಲ್ವಾ? ಗೊತ್ತಿತ್ತು. ನಾಳೆ ಕರೆಸಿ ನೋಡಿದರಾಯ್ತು...

ಜೂನ್ 11

ಕರೆಸಲಿಲ್ಲ.

ಇವತ್ತು ಮೇಲ್ಸೇತುವೆ ಮೇಲೆ ಅಕ್ಕನ ವ್ಯಾನಿನ ಇಂಜಿನ್ ಹಿಡ್ಕೊಂಡು ನಿಂತುಬಿಡ್ತು. ಒಳಗೆ ಮೂರು ಜನ — ಮೇಷ್ಟ್ರು, ಒಬ್ಬರು ಅಜ್ಜಿ, ಬ್ಯಾಂಕಿನ ಹೆಂಗಸು. ಐವತ್ತು ನಿಮಿಷ ಬಿಸಿಲಲ್ಲಿ. ನಾನು ಹೋಗೋಷ್ಟರಲ್ಲಿ ಅಜ್ಜಿಯ ತುಟಿ ಕಪ್ಪಗಾಗಿತ್ತು, ಉಸಿರು ಮೇಲೆ ಕೆಳಗೆ. ಅಕ್ಕ ರಸ್ತೆ ಮಧ್ಯೆ ಎರಡೂ ಕೈ ಚಾಚಿ ನಿಂತು ಬಸ್ಸು ನಿಲ್ಲಿಸ್ತಿದ್ದಳು. ಒಂದು ಆಂಬುಲೆನ್ಸ್ ಸಿಕ್ಕಿತು. ಅಜ್ಜಿ ಉಳಿದರು. ಐಸಿಯುನಲ್ಲಿದ್ದಾರೆ.

ಅಕ್ಕ ವ್ಯಾನಿಗೆ ಬೀಗ ಹಾಕಿ ಕೀ ನನ್ನ ಕೈಗಿಟ್ಟಳು.

ಜೂನ್ 12

ಬಾಗಿಲು ಹಾಕ್ಕೊಂಡು ಒಬ್ಬನೇ ಬಿಚ್ಚಿದೆ. ಬೇರಿಂಗು ಕರಗಿ ಒಳಗೆ ತಿರುಗೋ ಕ್ರ್ಯಾಂಕಿಗೆ ಅಂಟಿದೆ. ತಟ್ತಿದ್ದದ್ದು ಅದೇ. ಬಾಟಲಿ ಅದನ್ನ ವಾಸಿ ಮಾಡಲಿಲ್ಲ, ಬಾಯಿ ಮುಚ್ಚಿಸಿತು ಅಷ್ಟೇ. ಇಂಜಿನ್ ತಳದಲ್ಲಿ ನಾಲ್ಕು ಲೀಟರ್ ಆಯಿಲ್ ಹಿಡಿಯೋ ಸಂಪಿನಲ್ಲಿ ಮುಕ್ಕಾಲು ಲೀಟರ್ ಇತ್ತು. ಬೆರಳಲ್ಲಿ ಉಜ್ಜಿ ನೋಡಿದೆ. ಇನ್ನೂ ಜಾರ್ತಿದೆ. ಆಯಿಲ್ ಕೆಟ್ಟಿರಲಿಲ್ಲ. ಆಯಿಲ್ಲೇ ಇರಲಿಲ್ಲ.

ಡ್ಯಾಶ್‌ಬೋರ್ಡಿನ ಆಯಿಲ್ ಲೈಟು — ಬಲ್ಬು ಸುಟ್ಟು ಎಷ್ಟು ದಿನವಾಗಿತ್ತೋ. ಅದನ್ನೂ ನಾನೇ ನೋಡಬೇಕಿತ್ತು.

ಸಂಜೆ ಅಕ್ಕನಿಗೆ ಹೇಳಿದೆ, "ಹಳೇ ಇಂಜಿನ್ನು. ಅದರ ಕಾಲ ಮುಗಿದಿತ್ತು."

"ಇಷ್ಟು ವರ್ಷ ಓಡಿದ್ದೇ ನಿನ್ನಿಂದ" ಅಂದಳು. ಊಟ ಮಾಡಿ ಹೋಗು ಅಂದಳು. ಮಾಡಿದೆ.

ಜೂನ್ 20

ಆಯಿಲ್ ಕಂಪನಿಯವನು ಬಂದಿದ್ದ. ಜಗಳಕ್ಕೇ ನಿಂತೆ. ಅವನು ಸಿಟ್ಟಾಗಲಿಲ್ಲ. "ಆಯಿಲ್ ಒಳ್ಳೇದೇ ಸರ್. ಬೇಗ ಕೆಡಲ್ಲ, ಸವೆತ ಕಮ್ಮಿ. ಆದರೆ ಸವೆದದ್ದನ್ನ ಅದು ವಾಪಸ್ ತರಲ್ಲ. ಹಳೇ ಇಂಜಿನ್ ಆದ್ರೆ ಲೆವೆಲ್ ನೋಡ್ತಾ ಇರಿ, ಬೇಗ ಬದಲಾಯಿಸಿ ಅಂತ ಮೀಟಿಂಗಲ್ಲೇ ಹೇಳಿದ್ದೆ. ಆ ಬಾಟಲಿ ನಮ್ಮದಲ್ಲ, ಹಾಕಿ ಅಂತ ಹೇಳಿಯೂ ಇಲ್ಲ."

ಹೇಳಿದ್ದನೇನೋ. ಆ ಹೊತ್ತಿಗೆ ನಾನು ಹೊರಗೆ ಟೀ ಕುಡೀತಿದ್ದೆ.

ಜುಲೈ 3

ಅಜ್ಜಿ ಮನೆಗೆ ಹೋದರು. ಆಸ್ಪತ್ರೆಯವರು ಬೇರೆ ಗಾಡಿ ಗೊತ್ತು ಮಾಡಿದ್ದಾರೆ. ಅಕ್ಕನಿಗೆ ಅಲ್ಲೇ ಲಾಂಡ್ರಿಯಲ್ಲಿ ಕೆಲಸ. ಇಡೀ ದಿನ ನಿಂತು ಬೆಡ್‌ಶೀಟ್ ಮಡಚೋದು.

ನನ್ನ ಹೆಂಡತಿ ಕೇಳಿದಳು, "ಅತ್ತಿಗೆಗೆ ನಿಜ ಹೇಳಿದ್ರಾ?" ಬಚ್ಚಲಿಗೆ ಹೋಗಿ ಕೈ ತೊಳೆದೆ. ತೊಳೀತಾನೇ ಇದ್ದೆ.

ಜುಲೈ 17

ಹೇಳಿದೆ. ಲಾಂಡ್ರಿಗೇ ಹೋಗಿ. ಬಿಸಿ ಆವಿ, ಮಷಿನ್ ಗದ್ದಲ — ಕಿವಿ ಹತ್ರ ಬಾಗಿ ಹೇಳಬೇಕಾಯ್ತು. ಬಾಟಲಿ, ಹೊಗೆ, ಮುಕ್ಕಾಲು ಲೀಟರ್, ಎಲ್ಲಾ.

ಶೀಟಿನ ಒಂದು ಕೊನೆ ನನ್ನ ಕೈಗೆ ಕೊಟ್ಟಳು. ಹಿಡ್ಕೊಂಡೆ. ಇಬ್ಬರೂ ಮಡಚಿದೆವು.

"ಗೊತ್ತಿತ್ತು ಕಣೋ. ಗಾಡಿ ನಿಂತ ದಿನ ಬೆಳಿಗ್ಗೆ ತಡೀಲಾರದೆ ಎಳೆದು ನೋಡಿದ್ದೆ. ಕಡ್ಡಿ ಒಣಗಿತ್ತು."

"ಮತ್ತೆ ಯಾಕೆ ಗಾಡಿ ತೆಗೆದೆ?"

"ಹೊಸ ಥರದ ಆಯಿಲ್ಲು, ಕಡ್ಡಿಗೆ ಅಂಟಲ್ಲವೇನೋ ಅಂದ್ಕೊಂಡೆ. ನಿನಗೆ ಫೋನ್ ಮಾಡೋಕೆ ನಂಬರ್ ಒತ್ತಿದೆ. ನಂಬಿಕೆ ಇಲ್ವಾ ಅಂತ ಮತ್ತೆ ರೇಗ್ತೀಯ ಅಂತ... ಇಟ್ಟುಬಿಟ್ಟೆ." ಇನ್ನೊಂದು ಶೀಟ್ ಎತ್ತಿಕೊಂಡಳು. "ಮೂರು ಜನ ಕೂತಿದ್ರಲ್ಲೋ ಹಿಂದೆ."

ಬೈದಿದ್ದರೆ ಚೆನ್ನಾಗಿತ್ತು.

ಆಗಸ್ಟ್ 2

ಸೆಕೆಂಡ್ ಹ್ಯಾಂಡ್ ಇಂಜಿನ್ ಸಿಕ್ಕಿದೆ, ನಾನೇ ಕೂರಿಸಿ ಕೊಡ್ತೀನಿ ಅಂದೆ. ಬೇಡ ಅಂದಳು. ಇನ್ನು ಸ್ಟೇರಿಂಗ್ ಮುಟ್ಟಲ್ಲವಂತೆ. ಗುಜರಿಗೆ ಹಾಕು ಅಂದಳು.

ಆಗಸ್ಟ್ 8, ಮಧ್ಯಾಹ್ನ

ಗುಜರಿಯವನು ಎಳ್ಕೊಂಡು ಹೋದ. ಅಕ್ಕ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಸೀಟಿನ ಕೆಳಗಿದ್ದ ಕೊಡೆ, ಅಜ್ಜಿಯ ದಿಂಬು ಚೀಲಕ್ಕೆ ಹಾಕ್ಕೊಂಡಳು. ಗಾಡಿ ತಿರುವು ದಾಟೋವರೆಗೂ ನೋಡ್ತಾ ನಿಂತಳು.

"ಒಟ್ಟು ಎಷ್ಟು ಓಡಿತ್ತೋ?"

"ನಾಲ್ಕು ಲಕ್ಷದ ಹತ್ತು ಸಾವಿರ."

"ಐದು ಲಕ್ಷ ಮುಟ್ಟಿಸಬೇಕು ಅಂತಿದ್ರು ನಿಮ್ಮ ಭಾವ." ಅಷ್ಟೇ. ಬಸ್ಸು ಬಂತು, ಹತ್ತಿದಳು.

ಇನ್ನು ತೊಂಬತ್ತು ಸಾವಿರ. ದಿನಕ್ಕೆ ತೊಂಬತ್ತು ಕಿಲೋಮೀಟರಿನ ಲೆಕ್ಕದಲ್ಲಿ, ಭಾನುವಾರ ಬಿಟ್ಟು, ಅವಳು ಇನ್ನೂ ಮೂರು ವರ್ಷ ಓಡಿಸಬೇಕಿತ್ತು.