ನಾನು ಅಂಟಿಸಿದ ಪುಟ

ನಮ್ ಸುಧಾಮಣಿ ಮೇಡಂಗೆ,

ಹರದನಹಳ್ಳಿಯಿಂದ ನಿಮ್ ಪಕ್ಕಾ ಫ್ಯಾನ್ ಕಾವ್ಯಶ್ರೀ. ನಿಮ್ ಓದುಗರ ವಾಟ್ಸಾಪ್ ಗ್ರೂಪಲ್ಲಿ ನನ್ ಮೆಸೇಜ್ ಡಿಲೀಟ್ ಮಾಡ್ಬುಟ್ರಿ, ಅದ್ಕೇ ಕಾಗ್ದ ಬರೀತಿದೀನಿ.

ನೀವ್ ಬರ್ದಿರೋ ರೇಷ್ಮೆಹುಳದ ಚಿತ್ರಪುಸ್ತಕಾನ ನಮ್ ಬೀದಿ ಮಕ್ಳಿಗೆ ಓದ್ತೀನಿ. ಗೂಡಿಂದ ಚಿಟ್ಟೆ ಬರೋ ಚಿತ್ರ ನೋಡಿ, ಹುಳ ಸಾಕೋರ್ ಮನೆ ಪುಟ್ಟಿ ಸಿಂಚನ ಕೇಳ್ಬುಟ್ಲು: "ಅಕ್ಕಾ, ನಮ್ಮಟ್ಟೀಲಿ ಒಂದೂ ಚಿಟ್ಟೆ ಆಗಲ್ಲ. ನಮ್ ಉಳ ದಡ್ಡವಾ?"

ಅದ್ಕೇ ಒಂದು ಪುಟ ನಾನೇ ಚಿತ್ರ ಬರ್ದು ಅಂಟಿಸ್ದೆ. ಬಿಸಿನೀರಿನ ಪಾತ್ರೆ, ಅದ್ರಲ್ಲಿ ಗೂಡು, ಮೇಲಕ್ಕೆ ಎಳೀತಿರೋ ನೂಲು. ಒಳಗಿರೋ ಹುಳ ಸಾಯ್ತದೆ ಅಂತಾನೂ ಹೇಳ್ದೆ. ಆ ಪುಟದ ಫೋಟೋ ಗ್ರೂಪಿಗೆ ಹಾಕಿದ್ಕೆ ನೀವು "ಕಿತ್ತಾಕಮ್ಮ, ಮಕ್ಳು ಹೆದರ್ತವೆ" ಅಂದ್ರಿ.

ಕೀಳಲ್ಲ ಮೇಡಂ. ಸಿಂಚನ ಅತ್ಲು, ನಿಜ. ಆಮೇಲೆ ಅವ್ರಪ್ಪನ್ ಮುಂದೆ ನಿಂತು, "ಒಂದ್ ಗೂಡು ನಂಗ್ ಬುಡು ಕಣಪ್ಪ, ಮಾರ್ಬೇಡ" ಅಂತ ಹಠ ಮಾಡುದ್ಲು. ಅವ್ರೂ ಬುಟ್ರು.

ಮುಂದಿನ್ ಪ್ರಿಂಟಲ್ಲಿ ನನ್ ಪುಟ ಸೇರ್ಸಿ. ನನ್ ಹೆಸ್ರು ಬೇಡ.

ಇನ್ನೊಂದು. ನಿನ್ನೆ ಆ ಗೂಡಿಂದ ಚಿಟ್ಟೆ ಬಂತು. ನಿಮ್ ಪುಸ್ತಕದಲ್ಲಿ ಅದು ಆಕಾಶಕ್ಕೆ ಹಾರುತ್ತೆ. ಇದು ಹಾರ್ಲೇ ಇಲ್ಲ, ಸಿಂಚನನ್ ಅಂಗೈ ಮೇಲೆ ರೆಕ್ಕೆ ಬಡ್ಕೊಂಡು ಕೂತಿತ್ತು. "ಪುಸ್ತ್ಕದೋರ್ಗೆ ಯೋಳಕ್ಕ, ತಪ್ ಬರ್ದವ್ರೆ" ಅಂದ್ಲು.

ಹೇಳಿದೀನಿ.

ಇಷ್ಟಾದ್ರೂ ನಿಮ್ ಫ್ಯಾನೇ,
ಕಾವ್ಯಶ್ರೀ