ಕಂಬಿಯಲ್ಲಿ ಕೂತಿದ್ದ ಅರವತ್ತು ವೋಲ್ಟು

ನನಗೆ ಮೋಟಾರ್ ವೈಂಡಿಂಗ್ ಕಲಿಸಿದ ರಂಗಣ್ಣನಿಗೆ,

ನೀವು ಇದ್ದಿದ್ದರೆ ಮೊದಲು ವೋಲ್ಟು ಅಳೆಯುವ ಮೀಟರನ್ನು ನೀರಿಗೆ ಎಸೆಯುತ್ತಿದ್ದಿರಿ, ಆಮೇಲೆ ಬಸವರಾಜನನ್ನು. ನನ್ನಿಂದ ಎರಡೂ ಆಗಲಿಲ್ಲ. ಮೀಟರು ನನ್ನದು, ಬಸವರಾಜ ನಿಮ್ಮ ಶಿಷ್ಯ. ಅದಕ್ಕೇ ಈ ಕಾಗದ.

ನೆನಪಿದೆಯಾ, ನಿಮ್ಮ ಹೊಳೆನರಸೀಪುರದ ಅಂಗಡಿಯ ಮೂಲೆಯಲ್ಲಿ ಟ್ರ್ಯಾಕ್ಟರ್ ಲೈಟು ಬಿಚ್ಚಿಕೊಂಡು ಕೂರುತ್ತಿದ್ದನಲ್ಲ, ಅದೇ ಚನ್ನರಾಯಪಟ್ಟಣದ ಬಸವರಾಜ? ಅವನ ಕೈಗೆ ಈಗ ದೋಣಿ ಸಿಕ್ಕಿದೆ. ಹೇಮಾವತಿ ಹಿನ್ನೀರಿನಲ್ಲಿ ಜನರನ್ನು ಸುತ್ತಾಡಿಸುವ ಕಬ್ಬಿಣದ ದೋಣಿ; ಹೊಟ್ಟೆಯೊಳಗೆ ನೀವೇ ಸುತ್ತಿದ್ದ ಹಳೆಯ ಜನರೇಟರು, ತಲೆಯ ಮೇಲೆ ಬಣ್ಣದ ಬಲ್ಬು. ಸ್ವಿಚ್ ಬೋರ್ಡಿನ ಮೇಲೆ ನಿಮ್ಮ ಫೋಟೊ, ಪ್ಲಾಸ್ಟಿಕ್ ಹಾರ, ಕೆಳಗೆ ‘ಗುರುಕೃಪೆ’. ನೋಡಿ ಅಸಹ್ಯವಾಯಿತು. ಭಾನುವಾರ ಪೂಜೆ, ನಿಮ್ಮ ಮನೆಯಾಕೆ, ನಮ್ಮ ಅತ್ತಿಗೆಯೇ ಮೊದಲು ಹತ್ತಿ ಕಾಯಿ ಒಡೆಯಬೇಕು ಎಂದು ಅವನ ಹಟ. ಅತ್ತಿಗೆ ಪೂಜೆಗೆ ಚಪ್ಪಲಿ ಮೆಟ್ಟಿ ಬರುವವರೇ? ಬರಿಗಾಲು, ಒದ್ದೆ ಕಬ್ಬಿಣದ ನೆಲ, ಕೈಯಲ್ಲಿ ಕಂಬಿ...

ಶುಕ್ರವಾರ ಅವನು ಫೋನು ಮಾಡಿದಾಗ ನಾನು ಸಾಲಗಾಮೆಯಲ್ಲಿ ಒಂದು ಪಂಪ್‌ಸೆಟ್ಟಿನ ಮುಂದೆ ಕೂತಿದ್ದೆ. ದೀಪ ಮಂಕಂತೆ, ರಂಗಣ್ಣನ ವೈಂಡಿಂಗೇ ಸತ್ವ ಕಳೆದುಕೊಂಡಿದೆಯಂತೆ. ಹಾರವೂ ನಿಮಗೇ, ಅಪವಾದವೂ ನಿಮಗೇ. ವೋಲ್ಟೇಜು ಏರಲೆಂದು ಇಂಜಿನ್ನನ್ನು ರೇಸ್ ಮಾಡಿ ಎರಡು ಫ್ಯಾನು ಸುಟ್ಟಿದ್ದ. ಹೋಗಿ ನೋಡಿದರೆ ಕೈಕಂಬಿಗೆ ಉದ್ದಕ್ಕೂ ಸೈಕಲ್ ಟ್ಯೂಬು ಸುತ್ತಿದೆ. ಏನಿದು ಎಂದೆ.

“ಮುಟ್ಟಿದ್ರೆ ವಸಿ ಜುಮ್ಮಂತದೆ ಕಣಣ್ಣ. ನೀರಿನ ಗುಣ,” ಅಂದ.

ನೀರಿನ ಗುಣವಂತೆ! ನೆಗಡಿಗೆ ಹೇಳುವ ಮಾತನ್ನು ಶಾಕಿಗೆ ಹೇಳುತ್ತಾನೆ.

“ಮದ್ಲು ತವರುಮನೆ ವಿಚಾರ್ಸು, ಆಮ್ಯಾಕೆ ಗಂಡನ ಮನೆ” ಎನ್ನುತ್ತಿದ್ದಿರಲ್ಲ, ಹಾಗೇ ಕರೆಂಟು ಹುಟ್ಟುವ ಕಡೆಯಿಂದ ಅಳೆಯುತ್ತ ಬಂದೆ. ಇಂಜಿನ್ನನ್ನು ಅದರ ನಡಿಗೆಗೆ ಇಳಿಸಿದರೂ ಜನರೇಟರಿನ ಬಾಯಲ್ಲಿ ಇನ್ನೂರ ಮೂವತ್ತು, ಒಂದಿಷ್ಟೂ ಕಮ್ಮಿಯಿಲ್ಲ. ನಿಮ್ಮ ವೈಂಡಿಂಗಿಗೆ ಏನೂ ಆಗಿರಲಿಲ್ಲ. ಬಲ್ಬಿನ ಹೋಲ್ಡರಿನಲ್ಲಿ ನೂರ ಎಪ್ಪತ್ತು. ನಡುವಿನ ಅರವತ್ತು ಎಲ್ಲಿ ಹೋಯಿತು? ಟ್ಯೂಬು ಕಿತ್ತು ಮೀಟರಿನ ಒಂದು ತಂತಿಯ ಮೊನೆಯನ್ನು ಕಂಬಿಗೆ, ಇನ್ನೊಂದನ್ನು ನೆಲಕ್ಕೆ ಇಟ್ಟೆ. ಅರವತ್ತು! ಹಾಯಾಗಿ ಅಲ್ಲೇ ಕೂತಿತ್ತು.

ಬಲ್ಬಿಗೆ ಹೋಗಿದ್ದದ್ದು ಒಂದೇ ತಂತಿ. ವಾಪಸ್ಸು ಬರುವುದಕ್ಕೆ ತಂತಿಯೇ ಇಲ್ಲ. ಚಾವಣಿಯ ಪೈಪು, ಕೈಕಂಬಿ, ತುಕ್ಕು ಹಿಡಿದ ಬೋಲ್ಟು, ದೋಣಿಯ ಮೈ, ಹೀಗೆ ಕಂಡಕಂಡವರ ಅಂಗಳ ಹಾದು ಕರೆಂಟು ಜನರೇಟರಿಗೆ ಮರಳುತ್ತಿತ್ತು. ಥೇಟ್ ಟ್ರ್ಯಾಕ್ಟರ್ ಹೆಡ್‌ಲೈಟಿನ ಹಾಗೆ. ಅಲ್ಲಿ ಹನ್ನೆರಡು ವೋಲ್ಟಿನ ಬ್ಯಾಟರಿ, ನಡೆಯುತ್ತದೆ. ಇಲ್ಲಿ ತುಕ್ಕು ತಡೆದದ್ದಕ್ಕೇ ಅರವತ್ತು ಕಂಬಿಯಲ್ಲಿ ಕೂತಿತ್ತು; ಆ ಬೋಲ್ಟು ಪೂರ್ತಿ ಕೈಕೊಟ್ಟು ಇನ್ನೂರ ಮೂವತ್ತೂ ಕಂಬಿಗೆ ಬಂದ ಗಳಿಗೆಯಲ್ಲಿ ಅತ್ತಿಗೆಯ ಕೈ ಕಂಬಿಯ ಮೇಲಿದ್ದಿದ್ದರೆ... ಬಾಯಿಗೆ ಬಂದದ್ದೆಲ್ಲ ಬೈದೆ. ಕೊನೆಗೆ, “ಯಾವನ್ಲಾ ನಿಂಗಿದನ್ನ ಕಲ್ಸಿದ ಪುಣ್ಯಾತ್ಮ?” ಅಂದೆ.

ಅವನು ನಿಮ್ಮ ಫೋಟೊ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದ.

“ನೀನೇ ಕಣಣ್ಣ. ‘ಓಗಾಕೆ ತಂತಿ, ಬರಾಕೆ ಬಾಡಿ, ಅಷ್ಟಿದ್ರೆ ಸಾಕು, ಓಡ್ತದೆ ಗಾಡಿ’ ಅಂತ ಪದ ಕಟ್ಟಿ ಆಡಾಡ್ತಾ ಹೇಳ್ಕೊಟ್ಟೆಲ್ಲ.”

ನಾನು ಆ ಪದ ಕಟ್ಟಿದ ದಿನ ಅಂಗಡಿಯವರೆಲ್ಲ ನಕ್ಕಿದ್ದರು, ನೀವೊಬ್ಬರು ನಗಲಿಲ್ಲ. “ಚೆಂದಾಗೈತೆ. ಗಾಡಿ ಬುಟ್ಟು ಬ್ಯಾರೆದ್ಕೂ ಯಾವನಾರ ಇದೇ ಪದ ಆಡ್ಬುಟ್ರೆ ಏನ್ಲಾ ಮಾಡ್ತೀಯ?” ಅಂದಿರಿ. ಬಿ.ಎ. ಕನ್ನಡ ಓದಿದವನ ಪ್ರಾಸದ ಮೇಲೆ ನಿಮಗೆ ಹೊಟ್ಟೆಕಿಚ್ಚು ಅಂದುಕೊಂಡೆ, ನೋಡಿ. ಶುಕ್ರವಾರ ದೋಣಿಯಲ್ಲಿ ನನಗೆ ನಿಜವಾಗಿ ಅಸಹ್ಯ ಹುಟ್ಟಿಸಿದ್ದು ಯಾರು ಎಂದು ಇನ್ನು ಬಿಡಿಸಿ ಹೇಳಬೇಕೆ?

ಶನಿವಾರ ಇಡೀ ದಿನ ನಾವಿಬ್ಬರೂ ಪ್ರತಿ ಬಲ್ಬಿಗೂ ಎರಡನೆಯ ತಂತಿ ಎಳೆದೆವು. ಇಂಜಿನ್ನಿನ ನಡಿಗೆ ಮತ್ತೆ ಏರದಂತೆ ಬಿಗಿದೆವು. ಕರೆಂಟು ಸೋರಿದರೆ ತಾನೇ ಬೀಳುವ ಟ್ರಿಪ್ಪರು ಹಾಕಿದೆವು. ಕಂಬಿಗೂ ನೆಲಕ್ಕೂ ಮೊನೆಯಿಟ್ಟರೆ ಮೀಟರು ಸೊನ್ನೆ ಅಂದಿತು. ಮೂರು ಸಲ ಕೇಳಿದೆ, ಮೂರು ಸಲವೂ ಸೊನ್ನೆ.

ಭಾನುವಾರ ಅತ್ತಿಗೆ ಬರಿಗಾಲಲ್ಲೇ ಬಂದರು. ಅವರಿಗಿಂತ ಮೊದಲು ನಾನು ಚಪ್ಪಲಿ ಬಿಟ್ಟು ಹತ್ತಿ ಕಂಬಿ ಹಿಡಿದು ನಿಂತಿದ್ದೆ. ಕಾಯಿ ಒಡೆದು, ದೀಪ ನೋಡಿ, “ನಿಮ್ಮಣ್ಣ ಸುತ್ತಿದ್ದು ಇನ್ನೂ ಗಟ್ಯಾಗೈತೆ ಅಲ್ವೇನಪ್ಪ?” ಅಂದರು. ಹೌದು ಅತ್ತಿಗೆ ಅಂದೆ. ಉಳಿದದ್ದನ್ನು ಅವರಿಗೆ ಹೇಳಲಿಲ್ಲ, ನಿಮಗೆ ಹೇಳಿದ್ದೇನೆ.

ಬಸವರಾಜನಿಗೆ ಹೊಸ ಪಾಠ ಬರೆದು ಬೋರ್ಡಿಗೆ ಅಂಟಿಸಿದ್ದೇನೆ, ನಿಮ್ಮ ಫೋಟೊ ಕೆಳಗೇ: ‘ಹೋಗಲು ಒಂದು ತಂತಿ, ಬರಲು ಇನ್ನೊಂದು ತಂತಿ.’ ಪ್ರಾಸ ಕೂಡಲಿಲ್ಲ, ರಂಗಣ್ಣ. ಇನ್ನು ಕೂಡಿಸುವುದೂ ಇಲ್ಲ.

ನಿಮ್ಮ,
ಸಾಲಗಾಮೆಯವನು