ಜೋಳದ ತುದಿಗೇರಿದ ಮಿಡತೆಗಳು

ಬೆಳವಣಕಿ, ೨೪-೯-೫೬

ಅಕ್ಕನಿಗೆ ತಮ್ಮನ ನಮಸ್ಕಾರ.

ಇಲ್ಲೊಂದು ಸೋಜಿಗ ಕಂಡೆ. ನಾನಿರುವ ಮನೆಯ ಒಡತಿ ಬಾಳವ್ವನ ಅರ್ಧ ಹೊಲದ ಜೋಳವನ್ನು ಮಿಡತೆಗಳು ತಿಂದು ಮುಗಿಸಿದ್ದವು. ಜಿಟಿಜಿಟಿ ಮಳೆ ನಿಂತ ದಿನ ನಾನೂ ಹಿಡಿಯಲು ಹೋದೆ. ದಂಟಿನ ತುದಿಯಲ್ಲಿ ಕೂತವು ಅಲುಗದೆ ಕೈಗೆ ಬಂದವು. ಬುಟ್ಟಿ ತುಂಬಿಸಿ ಸುಡಲು ಹೊರಟೆ.

"ಏನ್ರೀ ಮಾಸ್ತರ, ಸತ್ತವನ್ನ ಹಿಡದು ಶೂರ ಆದಿರೇನು?" ಎಂದಳು ಬಾಳವ್ವ.

ಖರೇ. ಎಲ್ಲವೂ ದಂಟನ್ನು ತಬ್ಬಿಕೊಂಡೇ ಸತ್ತಿದ್ದವು. ಹೊಟ್ಟೆಯ ಮೇಲೆ ಹಳಸಿದ ರೊಟ್ಟಿಗೆ ಬರುವಂಥ ಬೂಷ್ಟು. ಬೇಸಾಯ ಖಾತೆಯ ಈಶಪ್ಪನವರು ಓಡಿಬಂದು ಕಡ್ಡಿಪೆಟ್ಟಿಗೆ ಕಸಿದುಕೊಂಡರು. "ಸುಡಬ್ಯಾಡ್ರಿ. ಈ ಬೂಷ್ಟ ಮಿಡಚಿ ಬ್ಯಾನಿ, ಹತ್ತಿದ್ದು ತುದಿಗೇರಿ ಸಾಯತೈತಿ. ಉಳಿದವಕ್ಕೂ ಹತ್ತಲಿ."

ಬಿ.ಎ. ಪಾಸಾದ ನಾನು ಆ ಹೆಣಗಳನ್ನು ಉಳಿದರ್ಧ ಹೊಲದ ದಂಟುಗಳಿಗೆ ನೂಲಿನಿಂದ ಕಟ್ಟಿದೆ. ನಿನ್ನೆಗೆ ಎಂಟು ದಿನ. ಸಂಜೆ ಅಲ್ಲಿನ ಮಿಡತೆಗಳೂ ಸಾಲುಸಾಲಾಗಿ ಮೇಲೆ ಹತ್ತಿದವು.

ಮಿಡತೆ ತುದಿಗೇರಿತು, ಅಲ್ಲೇ ಉಸಿರಾರಿತು;
ಬಾಳವ್ವನ ಜೋಳ ಇನ್ನು ಹಗೇವು ಸೇರೀತು.

ಹಗೇವು ಅಂದರೆ ಇಲ್ಲಿಯವರು ಕಾಳು ತುಂಬಿಡುವ ನೆಲದ ಗುಳಿ. ಕುಮಟೆಯಿಂದ ತಂದ ಕೆಮ್ಮು ಈ ಒಣನಾಡಿನಲ್ಲಿ ವಾಸಿಯಾಗಿದೆ. ರೊಟ್ಟಿ ಒಗ್ಗಿದೆ, ಮಿಡಿ ಉಪ್ಪಿನಕಾಯಿ ಕಳಿಸು. ಬಾಳವ್ವ ಊರಿಗೆಲ್ಲ ಹೇಳುತ್ತಿದ್ದಾಳೆ: "ನಮ್ಮ ಮಾಸ್ತರ ಕೈಗುಣ ಭಾಳ ಚಲೋ ಐತಿ. ಆದ್ರ ಆ ಕೈಯಾಗ ಕಡ್ಡಿಪೆಟಗಿ ಮಾತ್ರ ಕೊಡಬ್ಯಾಡ್ರಿ."

ಟಪಾಲಿನವ ಬಾಗಿಲಲ್ಲಿದ್ದಾನೆ.

ನಿನ್ನ ದೇವರಾಯ